ಇಂಜಿನಿಯರಿಂಗ್ ಮೊದಲ ವರ್ಷ: ಪಾಠ ಹಳೆಯದೇ, ಪ್ರಶ್ನೆ ಹೊಸದು

 

ಈ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಮುಗಿಸಿದ ನಾನು ಈಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ರಜೆಗೆ ಜಗಳೂರಿಗೆ ಬಂದಾಗಲೆಲ್ಲ ದ್ವಿತೀಯ ಪಿಯುಸಿಯವರು ಕೇಳುವ ಪ್ರಶ್ನೆ ಒಂದೇ: "ಫಸ್ಟ್ ಇಯರ್ ತುಂಬಾ ಕಷ್ಟನಾ?" ಇದಕ್ಕೆ ಹೌದು ಅಥವಾ ಇಲ್ಲ ಎಂದರೆ ಅದು ಉತ್ತರವಾಗುವುದಿಲ್ಲ. ಮೊದಲ ವರ್ಷದ ಪಾಠದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಬುನಾದಿ ನೀವು ಈಗ ಓದುತ್ತಿರುವ ಪುಸ್ತಕದಲ್ಲೇ ಇದೆ. ಬದಲಾಗುವುದು ಪ್ರಶ್ನೆ ಕೇಳುವ ರೀತಿ. ಅದನ್ನು ಮೊದಲೇ ತಿಳಿದುಕೊಂಡು ಹೋದವರು ನಿಲ್ಲುತ್ತಾರೆ. ತಿಳಿಯದೆ ಹೋದವರಲ್ಲಿ ಜಾಣರೂ ಎಡವುತ್ತಾರೆ. ಆ ವ್ಯತ್ಯಾಸವನ್ನು ಉದಾಹರಣೆಗಳ ಮೂಲಕ ವಿವರಿಸುವುದಕ್ಕೇ ಈ ಲೇಖನ.

ಮೊದಲ ವರ್ಷದಲ್ಲಿ ಏನಿರುತ್ತದೆ?

ನಮ್ಮ ಕಡೆಯ ಹೆಚ್ಚಿನವರು ಸೇರುವುದು ದಾವಣಗೆರೆಯ ಕಾಲೇಜುಗಳಿಗೆ. 1951ರಲ್ಲಿ ಆರಂಭವಾದ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜು. 1979ರಲ್ಲಿ ಶುರುವಾದ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, ಅಂದರೆ ಬಿಐಇಟಿ ಇದೆ. ಚಿತ್ರದುರ್ಗ, ಶಿವಮೊಗ್ಗ, ಬೆಂಗಳೂರಿಗೆ ಹೋಗುವವರೂ ಇದ್ದಾರೆ. ಎಲ್ಲಿ ಸೇರಿದರೂ ಬಹುಪಾಲು ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ, ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ಈ ವಿಟಿಯುಗೆ ಸೇರಿದವು. ಆದ್ದರಿಂದ ಮೊದಲ ವರ್ಷದ ಚೌಕಟ್ಟು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ನಾನು ಓದಿದ್ದು 2022ರ ಯೋಜನೆಯಲ್ಲಿ. ಯೋಜನೆ ಎಂದರೆ ಇಲ್ಲಿ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮಗಳ ಒಟ್ಟು ಚೌಕಟ್ಟು. ಅದು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹಾಗಾಗಿ ಸೇರಿದ ದಿನವೇ ನಿಮ್ಮ ವರ್ಷದ ಪಠ್ಯಕ್ರಮವನ್ನು ವಿಟಿಯು ಜಾಲತಾಣದಿಂದ ಇಳಿಸಿಕೊಳ್ಳಿ.

ಮೊದಲ ವರ್ಷದ ತರಗತಿಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಮೊದಲ ಸೆಮಿಸ್ಟರಿನಲ್ಲಿ ಭೌತಶಾಸ್ತ್ರ, ಇನ್ನೊಂದಕ್ಕೆ ರಸಾಯನಶಾಸ್ತ್ರ. ಎರಡನೇ ಸೆಮಿಸ್ಟರಿನಲ್ಲಿ ಅದಲು ಬದಲು. ಹುಡುಗರ ಬಾಯಲ್ಲಿ ಇವು 'ಫಿಸಿಕ್ಸ್ ಸೈಕಲ್', 'ಕೆಮಿಸ್ಟ್ರಿ ಸೈಕಲ್'. ಗಣಿತ ಎರಡರಲ್ಲೂ ಇರುತ್ತದೆ. ಇದರ ಜೊತೆಗೆ ಕಂಪ್ಯೂಟರ್ ಸಹಾಯದ ಇಂಜಿನಿಯರಿಂಗ್ ಡ್ರಾಯಿಂಗ್, ಪ್ರೋಗ್ರಾಮಿಂಗ್, ಬೇರೆ ವಿಭಾಗದ ಒಂದೆರಡು ಮೂಲ ವಿಷಯ, ಸಂವಹನ ಇಂಗ್ಲಿಷ್, ಸಂವಿಧಾನ ಇರುತ್ತವೆ. ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ'. ಪಟ್ಟಿ ನೋಡಿ ಗಾಬರಿಯಾಗಬೇಡಿ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರೂ ನಿಮ್ಮ ಪರಿಚಯದವೇ.

ಒಂದು ಬೋರ್‌ವೆಲ್, ಎರಡು ಪರೀಕ್ಷೆ

ಪ್ರಶ್ನೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಮ್ಮ ತಾಲ್ಲೂಕಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬರಕ್ಕೆ ಹೆಸರಾದ ನಮ್ಮೂರಲ್ಲಿ ಬೋರ್‌ವೆಲ್ ಗೊತ್ತಿಲ್ಲದ ಮನೆ ಇಲ್ಲ.

ಪಿಯುಸಿ ಪ್ರಶ್ನೆ ಹೀಗಿರುತ್ತದೆ: 5 ಹೆಚ್.ಪಿ. ಪಂಪು 500 ಅಡಿ ಆಳದಿಂದ ಗಂಟೆಗೆ ಎಷ್ಟು ಲೀಟರ್ ನೀರು ಎತ್ತುತ್ತದೆ?

ಲೆಕ್ಕ ಸುಲಭ. 1 ಹೆಚ್.ಪಿ. ಎಂದರೆ 746 ವ್ಯಾಟ್. 5 ಹೆಚ್.ಪಿ. ಎಂದರೆ 3,730 ವ್ಯಾಟ್. 500 ಅಡಿ ಎಂದರೆ ಸುಮಾರು 152 ಮೀಟರ್. 1 ಕಿಲೋಗ್ರಾಂ ನೀರನ್ನು ಅಷ್ಟು ಮೇಲೆತ್ತಲು ಬೇಕಾದ ಕೆಲಸ 1 × 9.8 × 152, ಅಂದರೆ ಸುಮಾರು 1,490 ಜೂಲ್. ಒಂದು ಸೆಕೆಂಡಿಗೆ ನಮ್ಮ ಬಳಿ 3,730 ಜೂಲ್ ಇದೆ. 3,730 ÷ 1,490 = 2.5. ಸೆಕೆಂಡಿಗೆ ಎರಡೂವರೆ ಲೀಟರ್, ಗಂಟೆಗೆ 9,000 ಲೀಟರ್. ಉತ್ತರ ಸರಿ, ಪೂರ್ಣ ಅಂಕ.

ಇದನ್ನು ತೋಟ ಇರುವ ಯಾರಿಗಾದರೂ ಹೇಳಿ ನೋಡಿ. "ಅಷ್ಟು ನೀರು ಎಲ್ಲಿ ಬರುತ್ತೆ ಮಾರಾಯ" ಎಂದು ನಗುತ್ತಾರೆ. ಅವರು ನಗುವ ಜಾಗದಿಂದಲೇ ಇಂಜಿನಿಯರಿಂಗ್ ಶುರುವಾಗುತ್ತದೆ.

ಇಂಜಿನಿಯರಿಂಗ್ ತರಗತಿಯಲ್ಲಿ ಇದೇ ಲೆಕ್ಕ ಕೊಟ್ಟಾಗ ಮೇಷ್ಟ್ರು ಉತ್ತರ ಕೇಳುವ ಮೊದಲು ಮೂರು ವಿಷಯ ಕೇಳುತ್ತಾರೆ.

ಒಂದು, ಮೋಟಾರು ಕೊಟ್ಟ ಶಕ್ತಿಯೆಲ್ಲ ನೀರಿಗೆ ಸೇರುತ್ತದೆಯೇ? ಇಲ್ಲ. ಪಂಪಿನೊಳಗೆ ಒಂದಷ್ಟು ನಷ್ಟ, ಉದ್ದದ ಪೈಪಿನ ಘರ್ಷಣೆಯಲ್ಲಿ ಇನ್ನಷ್ಟು ನಷ್ಟ. ಎಲ್ಲ ಸೇರಿ ದಕ್ಷತೆ 40 ಶೇಕಡಾ ಎಂದಿಟ್ಟುಕೊಳ್ಳೋಣ. 3,730ರಲ್ಲಿ 40 ಶೇಕಡಾ ಎಂದರೆ 1,492 ವ್ಯಾಟ್. ಈಗ ಸೆಕೆಂಡಿಗೆ ಒಂದೇ ಲೀಟರ್. ಗಂಟೆಗೆ 3,600 ಲೀಟರ್.

ಎರಡು, 500 ಅಡಿ ಎಂದರೆ ಯಾವ 500 ಅಡಿ? ಬೋರ್ ಕೊರೆದ ಆಳವೇ, ಪಂಪು ಇಳಿಸಿದ ಆಳವೇ, ಪಂಪು ಓಡುವಾಗ ನೀರು ನಿಲ್ಲುವ ಮಟ್ಟವೇ? ಎತ್ತುವ ಎತ್ತರವನ್ನು ಅಳೆಯಬೇಕಾದದ್ದು ಈ ಕೊನೆಯ ಮಟ್ಟದಿಂದ. ಪಿಯುಸಿಯಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಏಕೆಂದರೆ ಅಲ್ಲಿ ಸಂಖ್ಯೆ ಕೊಟ್ಟಿರುತ್ತಾರೆ. ಇಲ್ಲಿ ಸಂಖ್ಯೆಯನ್ನು ಆರಿಸಿಕೊಳ್ಳಬೇಕಾದವರು ನೀವು.

ಮೂರು, ಬೇಸಿಗೆಯಲ್ಲಿ ನೀರಿನ ಮಟ್ಟ 600 ಅಡಿಗೆ ಇಳಿದರೆ? ದಕ್ಷತೆ ಅಷ್ಟೇ ಇದೆ ಎಂದುಕೊಂಡರೂ ನೀರು ಆರರಲ್ಲಿ ಐದು ಪಾಲಾಗುತ್ತದೆ. ಗಂಟೆಗೆ 3,000 ಲೀಟರ್. ದಿನಕ್ಕೆ 7 ಗಂಟೆ ಕರೆಂಟ್ ಬಂತೆಂದರೆ ಮೊದಲು 25,200 ಲೀಟರ್ ಸಿಗುತ್ತಿತ್ತು, ಈಗ 21,000 ಲೀಟರ್. ಕೊರತೆ 4,200 ಲೀಟರ್. ಒಂದು ಅಡಿಕೆ ಗಿಡಕ್ಕೆ ದಿನಕ್ಕೆ 15 ಲೀಟರ್ ಎಂದು ಹಿಡಿದರೆ 280 ಗಿಡಗಳಿಗೆ ನೀರಿಲ್ಲ.

ಸೂತ್ರ ಬದಲಾಗಲಿಲ್ಲ ಎಂಬುದನ್ನು ಗಮನಿಸಿ. ಮೊದಲಿನಿಂದ ಕೊನೆಯವರೆಗೆ ಬಳಸಿದ್ದು ಕೆಲಸ, ಶಕ್ತಿ, ಸಾಮರ್ಥ್ಯದ ಪಿಯುಸಿ ಅಧ್ಯಾಯವನ್ನೇ. ಬದಲಾದದ್ದು ಏನೆಂದರೆ, ಉತ್ತರ ಬಂದ ಮೇಲೆ "ಇದು ನಿಜವೇ? ಯಾವ ಊಹೆಯ ಮೇಲೆ ನಿಂತಿದೆ? ಊಹೆ ಬದಲಾದರೆ ಏನಾಗುತ್ತದೆ?" ಎಂದು ಕೇಳಿಕೊಳ್ಳುವುದು. ತುಂಗಭದ್ರಾ ನದಿಯಿಂದ ನೀರೆತ್ತಿ ನಮ್ಮ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಯ ಪಂಪುಗಳನ್ನು ಆರಿಸಿದವರೂ ಮೂಲದಲ್ಲಿ ಮಾಡಿದ್ದು ಇದೇ ಲೆಕ್ಕ. ಎತ್ತರ, ನೀರಿನ ಪ್ರಮಾಣ, ಪೈಪಿನ ನಷ್ಟ, ದಕ್ಷತೆ.

ಈ ಮೂರು ಪ್ರಶ್ನೆಗಳನ್ನು ಇವತ್ತಿನಿಂದಲೇ ಪ್ರತಿ ಲೆಕ್ಕದ ಕೆಳಗೆ ಬರೆಯುವ ಅಭ್ಯಾಸ ಮಾಡಿ. ಪಿಯುಸಿ ಅಂಕಕ್ಕೆ ನಷ್ಟವಿಲ್ಲ. ಮುಂದಿನ ವರ್ಷಕ್ಕೆ ಲಾಭವಿದೆ.

ಗಣಿತ ಎಲ್ಲಿಂದ ಮುಂದುವರಿಯುತ್ತದೆ?

ಮೊದಲ ಸೆಮಿಸ್ಟರಿನಲ್ಲಿ ಹೆಚ್ಚು ಜನ ಉಳಿಸಿಕೊಳ್ಳುವ ವಿಷಯ ಗಣಿತ ಎಂದು ಸೀನಿಯರ್‌ಗಳು ಹೆದರಿಸುತ್ತಾರೆ. ಹೆದರುವ ಮೊದಲು ಪಠ್ಯ ನೋಡಿ. ಅವಕಲನ ಗೊತ್ತಿದ್ದವರಿಗೆ ಆಂಶಿಕ ಅವಕಲನ ಎಂದರೆ ಎರಡು ಚರಗಳಲ್ಲಿ ಒಂದನ್ನು ತಾತ್ಕಾಲಿಕವಾಗಿ ಸ್ಥಿರ ಎಂದುಕೊಳ್ಳುವುದು, ಅಷ್ಟೆ. ದ್ವಿತೀಯ ಪಿಯುಸಿಯ ಅವಕಲ ಸಮೀಕರಣದ ಅಧ್ಯಾಯ ಅಲ್ಲಿಯೂ ಮುಂದುವರಿಯುತ್ತದೆ. ಮಾತೃಕೆಗಳು ಹಾಗೇ ಬರುತ್ತವೆ.

ಮಾತೃಕೆಯನ್ನೇ ನೋಡಿ. ಮೂರು ಸಮೀಕರಣ, ಮೂರು ಅವ್ಯಕ್ತ ಇದ್ದಾಗ ನೀವು ನಿರ್ಧಾರಕ ಬಿಡಿಸಿ, ವಿಲೋಮ ಕಂಡುಹಿಡಿದು ಉತ್ತರ ತೆಗೆಯುತ್ತೀರಿ. ಮೂರರ ನಿರ್ಧಾರಕ ಪೂರ್ತಿ ಬಿಡಿಸಿದರೆ 6 ಪದ. ನಾಲ್ಕರದ್ದು 24. ಹತ್ತರದ್ದು 36,28,800 ಪದ. ಒಂದು ಸೇತುವೆಯ ಲೆಕ್ಕದಲ್ಲಿ ನೂರಾರು ಅವ್ಯಕ್ತಗಳಿರುತ್ತವೆ. ಆ ದಾರಿಯಲ್ಲಿ ಕಂಪ್ಯೂಟರ್ ಕೂಡ ಊರು ಮುಟ್ಟುವುದಿಲ್ಲ. ಅದಕ್ಕೇ ಮೊದಲ ವರ್ಷದಲ್ಲಿ ಗೌಸ್ ಎಲಿಮಿನೇಷನ್ ಕಲಿಸುತ್ತಾರೆ. ಒಂದೊಂದೇ ಅವ್ಯಕ್ತವನ್ನು ತೆಗೆದುಹಾಕುತ್ತಾ ಹೋಗುವ ಕ್ರಮ ಅದು. ಹತ್ತು ಅವ್ಯಕ್ತಗಳಿಗೆ ಕೆಲವು ನೂರು ಗುಣಾಕಾರ ಸಾಕು. ಏಕೆ ಕಲಿಸುತ್ತಾರೆ ಎಂದು ಗೊತ್ತಾದರೆ ಹೊಸ ವಿಧಾನ ಭಾರವಾಗುವುದಿಲ್ಲ. ಗೊತ್ತಾಗದಿದ್ದರೆ "ಹಳೆಯ ವಿಧಾನದಲ್ಲೇ ಬರುತ್ತಲ್ಲ, ಇದೇಕೆ?" ಎನಿಸಿ ಬೇಸರ ಬರುತ್ತದೆ.

9ನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿದ್ದ ಅಲ್-ಖ್ವಾರಿಝ್ಮಿ ಸಮೀಕರಣ ಬಿಡಿಸುವುದನ್ನು ಹಂತ ಹಂತವಾಗಿ ಬರೆದಿಟ್ಟವರು. ಅವರ ಪುಸ್ತಕದ ಹೆಸರಿನಿಂದ 'ಆಲ್ಜೀಬ್ರಾ' ಬಂತು, ಅವರ ಹೆಸರಿನಿಂದಲೇ 'ಆಲ್ಗರಿದಮ್' ಬಂತು. ಪ್ರೋಗ್ರಾಮಿಂಗ್ ತರಗತಿಯ ಮೊದಲ ದಿನ ಈ ಪದ ಕೇಳಿಬರುತ್ತದೆ. ಅರ್ಥ ಇಷ್ಟೇ: ಯಾರು ಮಾಡಿದರೂ ಅದೇ ಉತ್ತರ ಬರುವಂತೆ ಹಂತಗಳನ್ನು ಬರೆಯುವುದು. ಗಣಿತದ ಉತ್ತರವನ್ನು ಹಂತ ಬಿಡದೆ ಬರೆಯುವವರಿಗೆ ಪ್ರೋಗ್ರಾಮಿಂಗ್ ಬೇಗ ಹತ್ತುತ್ತದೆ. ಇದನ್ನು ನನ್ನ ತರಗತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಶಾಲೆಯಲ್ಲಿ ಕಂಪ್ಯೂಟರ್ ಮುಟ್ಟದವರೂ ಮುಂದೆ ಬಂದದ್ದು ಹೀಗೆ.

ಡ್ರಾಯಿಂಗ್: ನಿಜವಾಗಿಯೂ ಹೊಸದು

ಪಿಯುಸಿಯಲ್ಲಿ ಸ್ವಲ್ಪವೂ ಪರಿಚಯ ಇರದ ವಿಷಯ ಇದೊಂದೇ. ಒಂದು ವಸ್ತುವನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಮೂರು ಚಿತ್ರ ಬರೆಯಬೇಕು. ನಂತರ ಮೂರು ಚಿತ್ರ ನೋಡಿ ವಸ್ತುವನ್ನು ಮನಸ್ಸಿನಲ್ಲಿ ಕಟ್ಟಬೇಕು. ಇದಕ್ಕೆ ಬೇಕಾದದ್ದು ಚಿತ್ರಕಲೆಯ ಕೈ ಅಲ್ಲ, ಕಣ್ಣಿನ ಅಭ್ಯಾಸ.

ಮನೆಯಲ್ಲೇ ಶುರು ಮಾಡಬಹುದು. ಒಂದು ಬೆಂಕಿಪೊಟ್ಟಣ ಇಟ್ಟು ಮೂರೂ ಕಡೆಯಿಂದ ಅಳತೆ ಹಾಕಿ ಬರೆಯಿರಿ. ಆಮೇಲೆ ಅದನ್ನು ಓರೆಯಾಗಿ ಇಟ್ಟು ಬರೆಯಿರಿ. ನಂತರ ಚಹಾ ಲೋಟ, ಆಮೇಲೆ ಒಂದು ನಟ್ಟು. ವಾರದಲ್ಲಿ ಮೂರು ವಸ್ತು ಬರೆದರೆ ರಜೆ ಮುಗಿಯುವಷ್ಟರಲ್ಲಿ ನೀವು ತರಗತಿಗಿಂತ ಮುಂದಿರುತ್ತೀರಿ. ಕಾಲೇಜಿನಲ್ಲಿ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ ನಿಜ. ಆದರೆ ಯಾವ ಗೆರೆ ಎಲ್ಲಿ ಬರಬೇಕು ಎಂದು ಹೇಳಬೇಕಾದವರು ನೀವೇ.

ಅಲ್-ಜಝರಿ ಎಂಬ ಕುಶಲಕರ್ಮಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ನೀರೆತ್ತುವ ಯಂತ್ರಗಳಿವೆ, ಎರಡು ಸಿಲಿಂಡರಿನ ಪಂಪೂ ಇದೆ. ಭಾಗಗಳ ವಿವರ, ಜೋಡಿಸುವ ಕ್ರಮ, ಚಿತ್ರ ಎಲ್ಲವೂ ಇರುವುದರಿಂದ ನಮ್ಮ ಕಾಲದವರು ಅದನ್ನು ನೋಡಿ ಅವರ ಯಂತ್ರಗಳನ್ನು ಮತ್ತೆ ಕಟ್ಟಿದ್ದಾರೆ. 800 ವರ್ಷದ ನಂತರವೂ ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯುವುದು, ಇಂಜಿನಿಯರಿಂಗ್ ಡ್ರಾಯಿಂಗಿನ ಗುರಿ ಇದೇ.

ಮೂರು ಭಾಷೆ, ಒಂದು ತಲೆ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ.

ನಮ್ಮ ತರಗತಿಯಲ್ಲಿ ಹಳ್ಳಿಯೊಂದರಿಂದ ಬಂದ ಗೆಳೆಯನಿದ್ದ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪಿಯುಸಿ ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವನು. ರಾತ್ರಿ ಹಾಸ್ಟೆಲಿನಲ್ಲಿ ನಮಗೆಲ್ಲ ಲೆಕ್ಕ ಹೇಳಿಕೊಡುತ್ತಿದ್ದ, ಅದೂ ಅಚ್ಚ ಕನ್ನಡದಲ್ಲಿ. ತರಗತಿಯಲ್ಲಿ ಮಾತ್ರ ಒಂದು ದಿನವೂ ಬಾಯಿ ಬಿಡಲಿಲ್ಲ. ಪ್ರಯೋಗಾಲಯದ ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನೆ ನಿಂತ. ಎರಡನೇ ಸೆಮಿಸ್ಟರ್ ಮುಗಿಯುವ ಮೊದಲೇ ಕಾಲೇಜು ಬಿಟ್ಟು ಊರಿಗೆ ಹೋದ. ಅವನನ್ನು ಸೋಲಿಸಿದ್ದು ಗಣಿತವೂ ಅಲ್ಲ, ಭೌತಶಾಸ್ತ್ರವೂ ಅಲ್ಲ. ಮೌನ ಸೋಲಿಸಿತು. ನಾನು ಈ ಲೇಖನ ಬರೆಯಲು ಕಾರಣ ಅವನೇ.

ನಮ್ಮಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇಟ್ಟುಕೊಂಡು ಬೆಳೆದವರು. ಇದನ್ನು ಕೊರತೆ ಎಂದುಕೊಳ್ಳಬೇಡಿ. ಅರ್ಥ ಯಾವ ಭಾಷೆಯಲ್ಲಿ ಬಂದರೂ ಅರ್ಥವೇ. ಆದರೆ ಅರ್ಥವಾದದ್ದನ್ನು ಪರೀಕ್ಷೆಯ ಭಾಷೆಗೆ ದಾಟಿಸುವ ಒಂದು ಸೇತುವೆ ಬೇಕು. ಅದನ್ನು ಕಟ್ಟುವ ವಿಧಾನ ಹೀಗಿದೆ.

ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಪ್ರತಿ ಪುಟಕ್ಕೂ ನಡುವೆ ಗೆರೆ ಹಾಕಿ. ಎಡಗಡೆ ಪಾಠದ ಪದವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಬಲಗಡೆ ಅದರ ಅರ್ಥವನ್ನು ನಿಮಗೆ ಬಂದ ಭಾಷೆಯಲ್ಲಿ, ನಿಮ್ಮದೇ ಉದಾಹರಣೆಯೊಂದಿಗೆ ಬರೆಯಿರಿ. ಎಫಿಷಿಯೆನ್ಸಿ ಎಂದಲ್ಲಿ 'ದಕ್ಷತೆ, ಕೊಟ್ಟದ್ದರಲ್ಲಿ ಕೆಲಸಕ್ಕೆ ಬಂದ ಪಾಲು, ಬೋರ್ ಪಂಪಿನ 40 ಶೇಕಡಾ' ಎಂದು ಬರೆಯಿರಿ. ಸ್ಟ್ರೆಸ್ ಎಂದಲ್ಲಿ 'ಚದರ ಮೀಟರಿಗೆ ಬೀಳುವ ಬಲ, ತೆಳು ಹಗ್ಗ ಬೇಗ ಕಡಿಯುವುದೇಕೆ' ಎಂದು ಬರೆಯಿರಿ. ದಿನಕ್ಕೆ ಐದು ಪದ ಸಾಕು. ಮರುದಿನ ಬಲಗಡೆಯನ್ನು ಮುಚ್ಚಿ, ಎಡಗಡೆಯ ಪದಕ್ಕೆ ಒಂದೇ ಇಂಗ್ಲಿಷ್ ವಾಕ್ಯವನ್ನು ಜೋರಾಗಿ ಹೇಳಿ. ಜೋರಾಗಿ ಹೇಳುವುದು ಮುಖ್ಯ. ಮೌಖಿಕ ಪರೀಕ್ಷೆಯಲ್ಲಿ ನಾಲಿಗೆ ಏಳದಿರುವುದಕ್ಕೆ ಬಹಳ ಸಲ ಕಾರಣ, ಆ ಪದವನ್ನು ಅದಕ್ಕೂ ಮೊದಲು ಒಮ್ಮೆಯೂ ಬಾಯಲ್ಲಿ ಆಡಿರದಿರುವುದು.

ಎಐಸಿಟಿಇ ಸಂಸ್ಥೆ ಮೊದಲ ವರ್ಷದ ಪಠ್ಯಪುಸ್ತಕಗಳನ್ನು ಭಾರತೀಯ ಭಾಷೆಗಳಿಗೆ ಅನುವಾದ ಮಾಡಿಸಿ 'ಇ-ಕುಂಭ' ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಕನ್ನಡ ಪುಸ್ತಕಗಳೂ ಅಲ್ಲಿವೆ. ಕನ್ನಡ ಪುಟ ಓದಿ ಅರ್ಥ ಮಾಡಿಕೊಂಡು, ಅದೇ ಪುಟವನ್ನು ಇಂಗ್ಲಿಷಿನಲ್ಲಿ ಓದಿ. ಎರಡನೆಯದು ಆಗ ಅರ್ಧ ಸಮಯದಲ್ಲಿ ಮುಗಿಯುತ್ತದೆ.

ತರಗತಿಯಲ್ಲಿ ಪ್ರಶ್ನೆ ಕೇಳಲು ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲೇ ಕೇಳಿ. ಅದೂ ಕಷ್ಟವಾದರೆ ತರಗತಿ ಮುಗಿದ ಮೇಲೆ ನೋಟ್‌ಬುಕ್ ಹಿಡಿದು ಹೋಗಿ, ಸಿಕ್ಕಿಬಿದ್ದ ಸಾಲಿಗೆ ಬೆರಳಿಟ್ಟು "ಸರ್, ಇಲ್ಲಿಂದ ಇಲ್ಲಿಗೆ ಹೇಗೆ ಬಂತು?" ಎನ್ನಿ. "ಏನೂ ಅರ್ಥ ಆಗಲಿಲ್ಲ" ಎಂಬ ಮಾತಿಗೆ ಉತ್ತರ ಕೊಡುವುದು ಯಾರಿಗೂ ಕಷ್ಟ. ಒಂದು ಸಾಲು ತೋರಿಸಿ ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳಿಬಿಡಿ. ಮೊದಲ ತಿಂಗಳು ಸುಮ್ಮನಿದ್ದವರಿಗೆ ಎರಡನೇ ತಿಂಗಳು ಬಾಯಿ ಬಿಡುವುದು ಇನ್ನೂ ಕಷ್ಟ.

ಪ್ರಶ್ನೆಯ ಕ್ರಿಯಾಪದ ಓದಿ

ಪರೀಕ್ಷೆಯ ಪ್ರಶ್ನೆ ಯಾವ ಪದದಿಂದ ಶುರುವಾಗುತ್ತದೆ ಎಂಬುದರಲ್ಲೇ ಎಷ್ಟು ಬರೆಯಬೇಕು ಎಂಬುದಿದೆ. 'ಡಿಫೈನ್' ಎಂದರೆ ಒಂದು ಸ್ಪಷ್ಟ ವಾಕ್ಯ, ಮಾನ ಇದ್ದರೆ ಮಾನ. 'ಎಕ್ಸ್‌ಪ್ಲೇನ್' ಎಂದರೆ ಹೇಗೆ ಮತ್ತು ಏಕೆ, ಸಾಧ್ಯವಾದರೆ ಚಿತ್ರ. 'ಡಿರೈವ್' ಎಂದರೆ ಊಹೆಗಳನ್ನು ಬರೆದು, ಹಂತ ಬಿಡದೆ ಸೂತ್ರದವರೆಗೆ ಬರುವುದು. ನೇರ ಸೂತ್ರ ಬರೆದರೆ ಅಂಕ ಬರುವುದಿಲ್ಲ. 'ಡಿಸ್ಟಿಂಗ್ವಿಶ್' ಎಂದರೆ ಎರಡನ್ನು ಎದುರುಬದುರು ಇಟ್ಟು ಕೋಷ್ಟಕ ಮಾಡುವುದು. 'ಡಿಸ್ಕಸ್' ಎಂದರೆ ಅನುಕೂಲ, ಮಿತಿ ಎರಡನ್ನೂ ಹೇಳುವುದು. ಹತ್ತು ಅಂಕದ 'ಡಿರೈವ್' ಪ್ರಶ್ನೆಗೆ ಎರಡು ಪುಟ ಕಥೆ ಬರೆದು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಅಂಕದ ಲೆಕ್ಕ, ಹಾಜರಾತಿಯ ಲೆಕ್ಕ

2022ರ ಯೋಜನೆಯಲ್ಲಿ ಪ್ರತಿ ವಿಷಯಕ್ಕೆ ಕಾಲೇಜಿನ ಆಂತರಿಕ ಮೌಲ್ಯಮಾಪನ 50, ವಿಶ್ವವಿದ್ಯಾಲಯದ ಪರೀಕ್ಷೆ 50. ಆಂತರಿಕದಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ ಕನಿಷ್ಠ 40 ಬೇಕು. ಎರಡು ಕಡೆಯೂ ಅಂಚಿನಲ್ಲಿ ದಾಟಿದರೆ 20 ಮತ್ತು 18 ಸೇರಿ 38, ಅಂದರೆ ಅನುತ್ತೀರ್ಣ. ಆಂತರಿಕದಲ್ಲಿ 35ರ ಮೇಲೆ ತೆಗೆದವರು ಕೊನೆಯ ಪರೀಕ್ಷೆಗೆ ನಿಶ್ಚಿಂತೆಯಿಂದ ಹೋಗುತ್ತಾರೆ. ಆದರೆ ಆಂತರಿಕದ ಅಂಕ ಮೊದಲ ಕಿರುಪರೀಕ್ಷೆಯಿಂದಲೇ ಸೇರುತ್ತಾ ಬರುತ್ತದೆ. ಪಿಯುಸಿಯಂತೆ ಕೊನೆಯ ಎರಡು ತಿಂಗಳು ಕೂತು ಓದಿದರೆ ಅದು ವಾಪಸ್ ಬರುವುದಿಲ್ಲ.

ಮುಖ್ಯ ವಿಷಯಗಳ ಪ್ರಶ್ನೆಪತ್ರಿಕೆ 100 ಅಂಕದ್ದು. ಐದು ಘಟಕ, ಪ್ರತಿ ಘಟಕದಿಂದ ಎರಡು ಪೂರ್ಣ ಪ್ರಶ್ನೆ, ಒಂದಕ್ಕೆ ಉತ್ತರ ಬರೆಯಬೇಕು. ಪಡೆದ ಅಂಕವನ್ನು 50ಕ್ಕೆ ಇಳಿಸುತ್ತಾರೆ. ಒಂದು ಘಟಕವನ್ನು ಪೂರ್ತಿ ಬಿಟ್ಟರೆ ಕೂತ ಕ್ಷಣವೇ 20 ಅಂಕ ಹೋಯಿತು. ಎರಡು ಘಟಕ ಬಲವಾಗಿ ಓದುವುದಕ್ಕಿಂತ ಐದನ್ನೂ ಸಾಧಾರಣವಾಗಿ ಓದುವುದು ಕ್ಷೇಮ.

ಹಾಜರಾತಿ 85 ಶೇಕಡಾ ಬೇಕು. ಒಂದು ವಿಷಯಕ್ಕೆ 40 ತರಗತಿ ಎಂದಿಟ್ಟುಕೊಳ್ಳಿ. ತಪ್ಪಿಸಬಹುದಾದದ್ದು ಆರೇ ಆರು. ಸೋಮವಾರ ಬೆಳಿಗ್ಗೆಯ ಮೊದಲ ತರಗತಿ ಆ ವಿಷಯದ್ದೇ ಆಗಿ, ಬಸ್ಸು ತಡವಾಗಿ ವಾರಕ್ಕೊಂದು ತಪ್ಪಿದರೆ ಏಳನೇ ವಾರಕ್ಕೇ ಗಡಿ ದಾಟಿರುತ್ತದೆ. ಶುಕ್ರವಾರದ ಜುಮಾ ವೇಳೆಗೆ ಪ್ರಯೋಗಾಲಯದ ಬ್ಯಾಚ್ ಬಿದ್ದಿದ್ದರೆ ವೇಳಾಪಟ್ಟಿ ಹಾಕಿದ ಮೊದಲ ವಾರವೇ ಹೋಗಿ, ಬ್ಯಾಚ್ ಬದಲಿಸಲು ಸಾಧ್ಯವೇ ಎಂದು ವಿನಯದಿಂದ ಕೇಳಿ. ಮೊದಲ ವಾರ ಇದು ಒಂದು ಮನವಿ, ಹತ್ತನೇ ವಾರಕ್ಕೆ ಹಾಜರಾತಿಯ ಸಮಸ್ಯೆ.

ಬಸ್ಸು, ಹಣ, ಕಾಗದಪತ್ರ

ಜಗಳೂರಿನಿಂದ ಬಿಳಿಚೋಡು ಮೇಲೆ ದಾವಣಗೆರೆಗೆ ದಿನವೂ ಹೋಗಿ ಬರುವುದು ಸಾಧ್ಯ, ಆದರೆ ದಿನಕ್ಕೆ ಮೂರು ಗಂಟೆ ಹೋಗುತ್ತದೆ. ಮೊದಲ ವರ್ಷ ಮಾತ್ರವಾದರೂ ಹಾಸ್ಟೆಲ್ ಅಥವಾ ನೆಂಟರ ಮನೆ ನೋಡುವುದು ಒಳ್ಳೆಯದು. ಅದು ಆಗದವರು ಬಸ್ಸಿನ ಸಮಯವನ್ನು ಪದಗಳ ನೋಟ್‌ಬುಕ್‌ಗೆ ಮೀಸಲಿಡಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಎಷ್ಟೋ ತಂದೆತಾಯಿ "ದೂರ" ಎಂದು ಹೇಳುವ ಮಾತಿಗೆ ಇದೊಂದು ಉತ್ತರ.

ಹಣದ ವಿಷಯದಲ್ಲಿ ಮೂರು ಹೆಸರು ನೆನಪಿಡಿ. ಸಿಇಟಿ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆ ಇದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕವಿಲ್ಲದ ಸೂಪರ್‌ನ್ಯೂಮರರಿ ಸೀಟಿಗೆ ಪ್ರಯತ್ನಿಸಬಹುದು. ಅದೇ ಆದಾಯ ಮಿತಿಯ ಹೆಣ್ಣುಮಕ್ಕಳಿಗೆ ಎಐಸಿಟಿಇಯ 'ಪ್ರಗತಿ' ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಎಲ್ಲಕ್ಕೂ ಆದಾಯ ಮತ್ತು ಜಾತಿ ಪ್ರಮಾಣಪತ್ರ ಬೇಕು. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕ ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ನಮ್ಮ ಹೆಸರುಗಳಲ್ಲಿ 'ಮೊಹಮ್ಮದ್' ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಸಂಕ್ಷಿಪ್ತ ಇರುವುದು ಸಾಮಾನ್ಯ. ಅದನ್ನು ಈ ವರ್ಷವೇ ಸರಿಪಡಿಸಿ.

ಸೀನಿಯರ್‌ಗಳಿಂದ ತೊಂದರೆ ಎನಿಸಿದರೆ ಸಹಿಸಿಕೊಂಡು ಕೂರಬೇಡಿ. ರ‍್ಯಾಗಿಂಗ್ ವಿರುದ್ಧ ಯುಜಿಸಿಯ ಉಚಿತ ಸಹಾಯವಾಣಿ 1800-180-5522.

ಈಗಲೇ ಮಾಡಬಹುದಾದದ್ದು

ದ್ವಿತೀಯ ಪಿಯುಸಿ ಪರೀಕ್ಷೆ ಮತ್ತು ಸಿಇಟಿ ಮುಗಿದ ಮೇಲೆ ತರಗತಿ ಶುರುವಾಗುವವರೆಗೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಆಗ ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ. ಅವಕಲನ, ಅನುಕಲನ, ಮಾತೃಕೆ, ಸದಿಶ ಈ ನಾಲ್ಕು ಅಧ್ಯಾಯ ಮತ್ತೊಮ್ಮೆ ಮಾಡಿ. ಭೌತಶಾಸ್ತ್ರದಲ್ಲಿ ಮಾನಗಳು, ಕೆಲಸ ಮತ್ತು ಶಕ್ತಿ, ವಿದ್ಯುತ್ ಮಂಡಲ ನೋಡಿ. ವಾರಕ್ಕೆ ಮೂರು ವಸ್ತುಗಳ ಚಿತ್ರ, ದಿನಕ್ಕೆ ಐದು ಪದ. ಇಷ್ಟು ಸಾಕು.

ಜೊತೆಗೆ ಒಂದು ಮಾತು. ಇಲ್ಲಿಂದ ಪ್ರತಿ ವರ್ಷ ಒಂದಿಬ್ಬರಾದರೂ ಒಂದೇ ಕಾಲೇಜಿಗೆ ಹೋಗುತ್ತೀರಿ. ಹೋದವರು ವಾರಕ್ಕೊಮ್ಮೆ ಒಟ್ಟಿಗೆ ಕೂತು, ಆ ವಾರ ಅರ್ಥವಾಗದ ಒಂದು ಸಾಲನ್ನು ಒಬ್ಬರಿಗೊಬ್ಬರು ತೋರಿಸಿ. ನಿಮ್ಮ ಜೊತೆಗಾರ ಸುಮ್ಮನಾಗುತ್ತಿದ್ದಾನೆ, ಸುಮ್ಮನಾಗುತ್ತಿದ್ದಾಳೆ ಎಂದು ಕಂಡರೆ ನೀವೇ ಹೋಗಿ ಮಾತನಾಡಿಸಿ. ಲೆಕ್ಕ ಬಾರದಿದ್ದರೆ ಯಾರಾದರೂ ಕಲಿಸುತ್ತಾರೆ. ಸುಮ್ಮನಿದ್ದರೆ ಬಾರದೆಂಬುದೇ ಯಾರಿಗೂ ತಿಳಿಯುವುದಿಲ್ಲ.

ಅಲ್ಲಾಹನು ನಿಮ್ಮೆಲ್ಲರ ಪರಿಶ್ರಮಕ್ಕೆ ಬರಕತ್ ಕೊಡಲಿ. ಮುಂದಿನ ವರ್ಷ ದಾವಣಗೆರೆ ಬಸ್ಸಿನಲ್ಲಿ ಸಿಕ್ಕರೆ ನಿಮ್ಮ ನೋಟ್‌ಬುಕ್ ತೋರಿಸಿ, ಇನ್‌ಶಾ ಅಲ್ಲಾಹ್ ಒಟ್ಟಿಗೆ ಓದೋಣ.